ಅಬ್ಬೆ ದುಬಾಯ್: ಮೈಸೂರು ಸೀಮೆಯ ಫ್ರೆಂಚ್ ಪಾದ್ರಿ ಮತ್ತು ಎರಡು ಪಂಥಗಳ ವಾದ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಪ್ರೌಢಶಾಲೆಗಳಲ್ಲಿ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಇತಿಹಾಸದಲ್ಲಿ ತೊಡಕೆನಿಸುವ ಪಾಠಗಳಲ್ಲಿ ಯುರೋಪಿನ ಮತಸುಧಾರಣೆ ಒಂದು. ಮಾರ್ಟಿನ್ ಲೂಥರ್, 1517, ತೊಂಬತ್ತೈದು ವಾದಗಳು, ಕ್ಷಮಾಪತ್ರಗಳ ಮಾರಾಟ, ಹೀಗೆ ಅಂಶಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವುದು ಸುಲಭ. ಕ್ಯಾಥೊಲಿಕರು ಮತ್ತು ಪ್ರೊಟೆಸ್ಟಂಟರು ನಿಜವಾಗಿ ಯಾವುದಕ್ಕಾಗಿ ಬೇರೆಯಾದರು ಎಂದು ಒಬ್ಬ ಹುಡುಗ ಎದ್ದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ನಮ್ಮ ಭಾಗದಲ್ಲಿ ಚರ್ಚುಗಳು ಕಡಿಮೆ. ಎರಡು ಬಗೆಯ ಚರ್ಚುಗಳನ್ನು ಒಳಹೊಕ್ಕು ನೋಡಿದ ಮಕ್ಕಳು ಇನ್ನೂ ಕಡಿಮೆ. ಜರ್ಮನಿಯ ಕಥೆಗಿಂತ ಕರ್ನಾಟಕದ ಕಥೆಯಿಂದ ಈ ಪಾಠವನ್ನು ಪ್ರವೇಶಿಸುವುದು ಲೇಸು. ಅದಕ್ಕೆ ತಕ್ಕ ಮನುಷ್ಯ ಅಬ್ಬೆ ದುಬಾಯ್. ಮೈಸೂರು ಸೀಮೆಯ ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು.

ಅವರ ಪೂರ್ಣ ಹೆಸರು ಝಾನ್ ಆಂತ್ವಾನ್ ದ್ಯುಬ್ವಾ. ಕನ್ನಡದಲ್ಲಿ ದುಬಾಯ್ ಎಂದೇ ರೂಢಿಯಾಗಿದೆ. ಅಬ್ಬೆ ಎಂಬುದು ಹೆಸರಲ್ಲ, ಫ್ರೆಂಚರು ಪಾದ್ರಿಗಳಿಗೆ ಸೇರಿಸುವ ಗೌರವಸೂಚಕ. ನಮ್ಮ ಅಬ್ಬೆಗೂ ಇದಕ್ಕೂ ಸಂಬಂಧವಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ತರಗತಿಯಲ್ಲಿ ನಗು ಏಳುತ್ತದೆ. ಅವರು ಹುಟ್ಟಿದ್ದು 1765ರ ಸುಮಾರಿಗೆ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಮೂಲಕ ಭಾರತಕ್ಕೆ ಹೊರಟರು. ಫ್ರಾನ್ಸಿನಲ್ಲಿ ಆಗ ಕ್ರಾಂತಿಯ ಬೆಂಕಿ ಹತ್ತಿತ್ತು. ಪಾದ್ರಿಗಳು ಸೆರೆಮನೆಗಳಲ್ಲಿ ಕೊಲೆಯಾದ ವರ್ಷವದು. ಹೊರಟ ಈ ತರುಣ ಮೂವತ್ತು ವರ್ಷ ಹಿಂತಿರುಗಿ ನೋಡಲಿಲ್ಲ.

ಪುದುಚೇರಿಯ ಮಿಷನ್ನಿನ ಕೈಕೆಳಗೆ ತಮಿಳು ಸೀಮೆಯಲ್ಲಿ ಕೆಲವು ವರ್ಷ ಕಳೆದ ಅವರು ಒಂದು ತೀರ್ಮಾನ ಮಾಡಿಕೊಂಡರು. ಈ ದೇಶದ ಜನರ ನಡುವೆ ಇರಬೇಕಾದರೆ ಅವರಂತೆಯೇ ಇರಬೇಕು. ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಬಿದಿರಿನ ಕೋಲು. ಮಾಂಸಾಹಾರ ಬಿಟ್ಟರು. ನೆಲದ ಮೇಲೆ ಕುಳಿತು ಉಂಡರು. ಅವರಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಮಧುರೈಯಲ್ಲಿ ಜೆಸುಯಿಟ್ ಪಾದ್ರಿ ರಾಬರ್ಟೊ ದೆ ನೊಬಿಲಿ ಇದೇ ದಾರಿ ಹಿಡಿದಿದ್ದರು. ಆ ದಾರಿ ರೋಮಿನಲ್ಲಿ ದೊಡ್ಡ ಜಗಳವಾಗಿ, ಗಂಧ, ಜಾತಿಭೇದ, ದೇಶೀ ಆಚಾರಗಳನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬ ಪ್ರಶ್ನೆಗೆ 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಕಟ್ಟುನಿಟ್ಟಾದ ಆಜ್ಞೆ ಹೊರಡಿಸಿದ್ದರು. ದುಬಾಯ್ ಬಂದದ್ದು ಆ ಜಗಳದ ಬೂದಿ ಇನ್ನೂ ಬೆಚ್ಚಗಿದ್ದಾಗ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನ ಮಡಿದನು. ಇಲ್ಲಿಂದ ದುಬಾಯ್ ಅವರ ಕಥೆ ಕನ್ನಡ ನೆಲದ ಕಥೆಯಾಗುತ್ತದೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಿಸಿದ್ದನು. ಅವರಲ್ಲಿ ಅನೇಕರು ಬಲವಂತದಿಂದ ಇಸ್ಲಾಮಿಗೆ ಸೇರಿಸಲ್ಪಟ್ಟಿದ್ದರು. ಸೆರೆಯಾದವರ ಸಂಖ್ಯೆ ಅರವತ್ತು ಸಾವಿರಕ್ಕೂ ಮಿಕ್ಕಿತ್ತೆಂದು ದುಬಾಯ್ ಬರೆದಿದ್ದಾರೆ, ಆದರೆ ಲೆಕ್ಕಗಳು ಲೇಖಕರಿಂದ ಲೇಖಕರಿಗೆ ಬದಲಾಗುತ್ತವೆ. ಉಳಿದವರನ್ನು ಮತ್ತೆ ಒಂದು ಸಭೆಯಾಗಿ ಕೂಡಿಸಲು ಯಾರಾದರೂ ಬೇಕಾಗಿತ್ತು. ಪಟ್ಟಣದ ಆಡಳಿತ ನೋಡುತ್ತಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಆಹ್ವಾನದ ಮೇಲೆ ದುಬಾಯ್ ಅಲ್ಲಿಗೆ ಬಂದರು. ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ಫ್ರೆಂಚ್ ಪಾದ್ರಿಯನ್ನು ಬ್ರಿಟಿಷ್ ದಂಡನಾಯಕ ಕರೆಸಿಕೊಂಡನೆಂಬುದನ್ನು ಮಕ್ಕಳು ಗಮನಿಸಬೇಕು.

ಅವರ ಎದುರಿಗಿದ್ದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಪಾಪಕ್ಷಮೆಯೆಂಬ ಒಣ ಶಬ್ದಕ್ಕೆ ಜೀವ ಬರುವುದು ಇಲ್ಲಿಯೇ. ಪ್ರಾಣಭಯದಿಂದ ಮತ ಬಿಟ್ಟ ಮನುಷ್ಯ ಹದಿನೈದು ವರ್ಷದ ಮೇಲೆ ಬಾಗಿಲಿಗೆ ಬಂದು ನಿಂತಿದ್ದಾನೆ. ಅವನನ್ನು ಏನು ಮಾಡಬೇಕು? ಕ್ಯಾಥೊಲಿಕ್ ಚರ್ಚಿನಲ್ಲಿ ಇದಕ್ಕೆ ಕ್ರಮವಿದೆ. ಅವನು ಮನಸಾರೆ ಪಶ್ಚಾತ್ತಾಪಪಡಬೇಕು, ಗುರುವಿನ ಮುಂದೆ ಬಾಯಿಬಿಟ್ಟು ತಪ್ಪನ್ನು ಹೇಳಬೇಕು, ಗುರು ಕ್ರಿಸ್ತನ ಹೆಸರಿನಲ್ಲಿ ಕ್ಷಮೆಯ ವಚನ ನುಡಿಯಬೇಕು, ಗುರು ವಿಧಿಸಿದ ಪ್ರಾಯಶ್ಚಿತ್ತವನ್ನು ಅವನು ಮಾಡಬೇಕು. ಇದು ಪಾಪನಿವೇದನೆ. ಗುರು ಕೇಳಿದ್ದನ್ನು ಯಾರಿಗೂ, ಎಂದಿಗೂ ಹೇಳುವಂತಿಲ್ಲ. ಪ್ರೊಟೆಸ್ಟಂಟರ ಆಕ್ಷೇಪ ಇರುವುದೂ ಇದೇ ಜಾಗದಲ್ಲಿ. ಪಾಪ ಮಾಡಿದ್ದು ದೇವರಿಗೆ ವಿರುದ್ಧವಾಗಿ, ಕ್ಷಮಿಸಬೇಕಾದವನೂ ದೇವರೇ, ನಡುವೆ ಮನುಷ್ಯನೇಕೆ ಎಂಬುದು ಅವರ ಪ್ರಶ್ನೆ. ಲೂಥರ್ ಸ್ವತಃ ಪಾಪನಿವೇದನೆಯನ್ನು ಪೂರ್ತಿ ತಳ್ಳಿಹಾಕಿರಲಿಲ್ಲ, ಅದು ಮನಸ್ಸಿಗೆ ನೆಮ್ಮದಿ ಕೊಡುತ್ತದೆಂದು ಒಪ್ಪಿದ್ದರು. ಕಡ್ಡಾಯ ಮಾಡುವುದನ್ನೂ, ಶಿಕ್ಷೆಯನ್ನು ಹಣಕ್ಕೆ ಇಳಿಸಿಕೊಡುವ ಕ್ಷಮಾಪತ್ರಗಳನ್ನೂ ವಿರೋಧಿಸಿದರು. ಪಠ್ಯಗಳಲ್ಲಿ ಈ ಸೂಕ್ಷ್ಮ ಬಿಟ್ಟುಹೋಗುತ್ತದೆ.

ನಮ್ಮ ತರಗತಿಯಲ್ಲಿ ಇದನ್ನು ತಿಳಿಸಲು ಸಾಮಗ್ರಿ ದೂರ ಹುಡುಕಬೇಕಿಲ್ಲ. ಕಾಗವಾಡ, ರಾಯಬಾಗ, ಅಥಣಿ ಕಡೆಯ ಜೈನ ಮಕ್ಕಳು ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಮನೆಯಲ್ಲಿ ಹಿರಿಯರು ಕಿರಿಯರು ಒಬ್ಬರನ್ನೊಬ್ಬರು ಕ್ಷಮೆ ಕೇಳುವುದನ್ನು ಕಂಡಿರುತ್ತಾರೆ. ಮುಸ್ಲಿಂ ಮಕ್ಕಳಿಗೆ ತೌಬಾ ಗೊತ್ತು; ಅದಕ್ಕೆ ನಡುವೆ ಗುರು ಬೇಡ. ತಪ್ಪನ್ನು ಯಾರ ಮುಂದೆ ಹೇಳಬೇಕು, ಯಾರು ಕ್ಷಮಿಸಬಲ್ಲರು ಎಂಬ ಪ್ರಶ್ನೆಯನ್ನು ಮೊದಲು ಅವರಿಗೇ ಹಾಕಿ, ಆಮೇಲೆ ಶ್ರೀರಂಗಪಟ್ಟಣಕ್ಕೆ ಬಂದರೆ ಪಾಠ ತಾನಾಗಿ ನಡೆಯುತ್ತದೆ.

ದುಬಾಯ್ ಮರಳಿ ಬಂದವರನ್ನು ಸೇರಿಸಿಕೊಂಡರು. ಶ್ರೀರಂಗಪಟ್ಟಣದ ಗಂಜಾಂ ಕಡೆಯ ಹಳೆಯ ಚರ್ಚಿನೊಡನೆ ಇಂದಿಗೂ ಅವರ ಹೆಸರು ಕೂಡಿಕೊಂಡಿದೆ. ಆದರೆ ಸೆರೆಯ ಕಾಲದಲ್ಲಿ ಇಷ್ಟು ಜನರಲ್ಲಿ ಮತಕ್ಕಾಗಿ ಸಾಯಲು ಸಿದ್ಧನಾದವನು ಒಬ್ಬನೂ ಇರಲಿಲ್ಲವಲ್ಲ ಎಂಬ ಕಹಿ ಅವರ ಬರಹದಲ್ಲಿ ಕೊನೆಯವರೆಗೂ ಉಳಿಯಿತು. ಪಾಪನಿವೇದನೆಯ ಪೀಠದಲ್ಲಿ ಕ್ಷಮಿಸಿದ ಮನುಷ್ಯ ಪುಸ್ತಕದಲ್ಲಿ ಕ್ಷಮಿಸಿದಂತೆ ಕಾಣುವುದಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನೂರಾರು ಮೈಲಿ ನಡೆಸಲ್ಪಟ್ಟವರ ಧೈರ್ಯವನ್ನು ಅಳೆಯುವುದು ಹೊರಗಿನವರಿಗೆ ಸುಲಭವಲ್ಲವೆಂದು ನನ್ನ ಅಭಿಪ್ರಾಯ.

ಅವರು ಬರಿಯ ಪೂಜೆ ಪ್ರಾರ್ಥನೆಗಳ ಪಾದ್ರಿಯಾಗಿರಲಿಲ್ಲ. ಬಡತನದಿಂದ ಅಲೆಯುತ್ತಿದ್ದ ಕುಟುಂಬಗಳಿಗೆ ಬೇಸಾಯದ ನೆಲೆ ಕಲ್ಪಿಸಲು ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಒಂದು ಕೃಷಿಕರ ವಸತಿಯನ್ನು ಕಟ್ಟಿದರು. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಚಿತ್ರವನ್ನು ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ. ಅದು ಅವರ ನಂತರದ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು, ದುಬಾಯ್ ಕಟ್ಟಿಸಿದ್ದಲ್ಲ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮರುವರ್ಷವೇ ದುಬಾಯ್ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸುವ ಕೆಲಸಕ್ಕೆ ನಿಂತರು. ಹಸುವಿನ ಕೆಚ್ಚಲ ಗುಳ್ಳೆಯ ರಸವನ್ನು ಮೈಗೆ ಹಾಕಿಸಿಕೊಳ್ಳಲು ಹೆದರುತ್ತಿದ್ದ ಜನ ಈ ರುಮಾಲಿನ ಸ್ವಾಮಿಯ ಮಾತಿಗೆ ಒಪ್ಪಿದರು. 1803–04ರಲ್ಲಿ ಅವರ ಮೂಲಕ ಲಸಿಕೆ ಪಡೆದವರು 25 ಸಾವಿರಕ್ಕೂ ಹೆಚ್ಚು. ಇದೊಂದೇ ಸಾಕಿತ್ತು ಅವರ ಹೆಸರು ಉಳಿಯಲು.

ಹೆಸರು ಉಳಿದದ್ದು ಮಾತ್ರ ಪುಸ್ತಕದಿಂದ. ಹಿಂದೂಗಳ ನಡೆನುಡಿ, ಆಚಾರ, ಸಂಸ್ಕಾರಗಳ ಬಗ್ಗೆ ಫ್ರೆಂಚಿನಲ್ಲಿ ಬರೆದ ದೊಡ್ಡ ಹಸ್ತಪ್ರತಿಯನ್ನು 1806ರಲ್ಲಿ ಅವರು ಮೈಸೂರಿನ ರೆಸಿಡೆಂಟ್ ಮೇಜರ್ ಮಾರ್ಕ್ ವಿಲ್ಕ್ಸ್ ಅವರಿಗೆ ಒಪ್ಪಿಸಿದರು. ಮದ್ರಾಸಿನ ಗವರ್ನರ್ ಬೆಂಟಿಂಕ್ ಅದನ್ನು ಮೆಚ್ಚಿ, ಕಂಪನಿ ಸರಕಾರ 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಬಂತು. ಲೇಖಕರು ತಿದ್ದಿದ ಪ್ರತಿಯ ಆಧಾರದ ಮೇಲೆ ಹೆನ್ರಿ ಬೋಷಾಂಪ್ ಮಾಡಿದ ಅನುವಾದ 1897ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂತು, ಇಂದಿಗೂ ಓದುವುದು ಅದನ್ನೇ. ಈ ಪುಸ್ತಕವನ್ನು ತರಗತಿಗೆ ತರುವಾಗ ಎರಡು ಎಚ್ಚರ ಬೇಕು. ಅದರಲ್ಲಿ ಕಣ್ಣಾರೆ ಕಂಡ ವಿವರಗಳ ಜೊತೆಗೆ ಇಲ್ಲಿಯ ಜನರ ಬಗ್ಗೆ ಕಟುವಾದ, ಕೆಲವೊಮ್ಮೆ ಅನ್ಯಾಯವಾದ ತೀರ್ಪುಗಳೂ ಇವೆ. ಮತ್ತು ಅದರ ಬಹುಭಾಗ ಅವರದೇ ಅಲ್ಲ. ಅವರಿಗಿಂತ ಮೊದಲು ಇದ್ದ ಜೆಸುಯಿಟ್ ಪಾದ್ರಿ ಕೂರ್ದೂ ಎಂಬುವರ ಬರಹವನ್ನು ಅವರು ಹೆಸರು ಹೇಳದೆ ಬಳಸಿಕೊಂಡಿದ್ದಾರೆಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು.

ಈಗ ನಮ್ಮ ಮುಖ್ಯ ವಿಷಯ. 1823ರ ಜನವರಿಯಲ್ಲಿ ದುಬಾಯ್ ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಇನ್ನೊಂದು ಪುಸ್ತಕ ಬಂತು, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯ ಬಗೆಗಿನ ಪತ್ರಗಳು. ಅದರ ಸಾರ ಕೇಳಿ ಎರಡೂ ಪಂಥದವರು ಬೆಚ್ಚಿದರು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂದು ಮೂವತ್ತು ವರ್ಷ ಅದೇ ಕೆಲಸ ಮಾಡಿದವರೇ ಬರೆದಿದ್ದರು. ತಮ್ಮ ಲೆಕ್ಕವನ್ನೂ ಮುಚ್ಚಿಡಲಿಲ್ಲ. ಒಬ್ಬ ದೇಶೀ ಪಾದ್ರಿಯ ನೆರವಿನೊಂದಿಗೆ ಅಷ್ಟು ವರ್ಷಗಳಲ್ಲಿ ಮತಕ್ಕೆ ಸೇರಿಸಿದವರು ಇನ್ನೂರರಿಂದ ಮುನ್ನೂರು ಜನ. ಅವರಲ್ಲಿ ಹೆಚ್ಚಿನವರು ಬೇರೆ ಆಸರೆಯಿಲ್ಲದ ಬಡವರು. ಮನದಟ್ಟಾಗಿ ನಂಬಿ ಬಂದವರು ಯಾರೂ ನೆನಪಿಗೆ ಬರುತ್ತಿಲ್ಲ ಎಂದು ನಾಚಿಕೆಯಿಂದ ಒಪ್ಪಿಕೊಂಡರು. ತನ್ನ ಸೋಲನ್ನು ಅಂಕಿಗಳಲ್ಲಿ ಬರೆದುಕೊಡುವವರು ಯಾವ ಕಾಲದಲ್ಲೂ ಕಡಿಮೆ.

ಪೂಜಾವಸ್ತುಗಳ ವಾದ ಬರುವುದು ಇಲ್ಲಿ. ಕ್ರೈಸ್ತರ ಯಾವುದಾದರೊಂದು ಪದ್ಧತಿ ಈ ದೇಶದಲ್ಲಿ ಬೇರೂರುವುದಾದರೆ ಅದು ಕ್ಯಾಥೊಲಿಕ್ ಪದ್ಧತಿಯೇ ಆಗಬೇಕಿತ್ತು ಎಂದು ದುಬಾಯ್ ವಾದಿಸಿದರು. ಅದರಲ್ಲಿ ಪೂಜೆಯಿದೆ, ತೀರ್ಥವಿದೆ, ಉಪವಾಸವಿದೆ, ಹಬ್ಬಗಳಿವೆ, ಮೂರ್ತಿಗಳಿವೆ, ಮೆರವಣಿಗೆಯಿದೆ, ಸತ್ತವರಿಗಾಗಿ ಪ್ರಾರ್ಥನೆಯಿದೆ, ಸಂತರ ಮೊರೆಹೋಗುವುದಿದೆ. ಇಷ್ಟಿದ್ದೂ ಅದು ಸೋತಿತು. ಮೂರ್ತಿಯಿಲ್ಲದ, ಮೇಣದಬತ್ತಿಯಿಲ್ಲದ, ಬರಿಯ ಓದು ಮತ್ತು ಉಪದೇಶದ ಪ್ರೊಟೆಸ್ಟಂಟ್ ಪದ್ಧತಿ ಇಲ್ಲಿ ಗೆಲ್ಲುವುದುಂಟೇ? ಇದು ಅವರ ತರ್ಕ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕರ್ನಾಟಕದ ಕ್ಯಾಥೊಲಿಕರು ತಮ್ಮ ಮುಖ್ಯ ಆರಾಧನೆಯನ್ನು ಇಂದಿಗೂ ಬಲಿಪೂಜೆ ಎನ್ನುತ್ತಾರೆ, ಕೈಯಲ್ಲಿ ಹಿಡಿಯುವ ಮಣಿಸರವನ್ನು ಜಪಮಾಲೆ ಎನ್ನುತ್ತಾರೆ.

ಆದರೆ ದುಬಾಯ್ ಅವರಿಗೇ ಈ ಹೋಲಿಕೆಯ ಬಗ್ಗೆ ಮುಜುಗರವಿತ್ತು. ರಾತ್ರಿಯ ಮೆರವಣಿಗೆ, ತಮಟೆ ಕಹಳೆ, ದೀವಟಿಗೆ, ಬಾಣಬಿರುಸು, ಹೂಮಾಲೆ ಹೊತ್ತ ರಥದಲ್ಲಿ ಸಂತನ ಮೂರ್ತಿ, ಸುತ್ತ ಕೇಕೆ ಹಾಕುವ ಜನ, ಇದನ್ನೆಲ್ಲ ಅವರೇ ವರ್ಣಿಸಿ, ಯುರೋಪಿನಿಂದ ಬಂದವರು ನೋಡಿ ನಾಚುವಂತಿದೆ ಎಂದು ಬರೆದರು. ಯಡೂರಿನ ವೀರಭದ್ರನ ಜಾತ್ರೆ, ಚಿಂಚಲಿಯ ಮಾಯಕ್ಕನ ಜಾತ್ರೆ ನೋಡಿದ ಮಕ್ಕಳಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ ಬರಲು ತಡವಾಗಲಿಲ್ಲ. 1824ರಲ್ಲಿ ಇಬ್ಬರು ಪ್ರೊಟೆಸ್ಟಂಟರು ಎದುರು ಪುಸ್ತಕ ಬರೆದರು. ಒಬ್ಬರು ಜೇಮ್ಸ್ ಹಫ್, ತಿರುನೆಲ್ವೇಲಿ ಕಡೆ ಕಂಪನಿಯ ಪಾದ್ರಿಯಾಗಿದ್ದವರು. ಇನ್ನೊಬ್ಬರು ಹೆನ್ರಿ ಟೌನ್ಲಿ, ಲಂಡನ್ ಮಿಷನ್ ಸಂಘದಿಂದ ಬಂಗಾಳದಲ್ಲಿ ಕೆಲಸ ಮಾಡಿದವರು. ಪ್ರೊಟೆಸ್ಟಂಟರ ಕಡೆಯ ವಾದವನ್ನು ಹೀಗೆ ಹೇಳಬಹುದು: ಒಂದು ಮೂರ್ತಿಯನ್ನು ಬಿಡಿಸಿ ಇನ್ನೊಂದು ಮೂರ್ತಿಯ ಮುಂದೆ ನಿಲ್ಲಿಸಿದರೆ ಆ ಮನುಷ್ಯನಲ್ಲಿ ಬದಲಾದದ್ದೇನು? ನೀವು ಸೋತದ್ದು ಜನರಿಗೆ ಬೈಬಲ್ಲನ್ನು ಕೊಡದೆ ಆಚಾರವನ್ನು ಕೊಟ್ಟದ್ದರಿಂದ. ಅದು ನಿಮ್ಮ ವಿಧಾನದ ಸೋಲು, ಕ್ರೈಸ್ತಮತದ ಸೋಲಲ್ಲ. ಕ್ಯಾಥೊಲಿಕರು ಇದಕ್ಕೆ ಕೊಡುವ ಉತ್ತರ ಬಹಳ ಹಳೆಯದು, 787ರ ಎರಡನೆಯ ನೈಸಿಯಾ ಸಭೆಯಷ್ಟು ಹಿಂದಿನದು. ಗೌರವ ಮರಕ್ಕೂ ಬಣ್ಣಕ್ಕೂ ಅಲ್ಲ, ಅದು ಯಾರ ರೂಪವೋ ಅವರಿಗೆ ಸಲ್ಲುತ್ತದೆ, ಆರಾಧನೆ ದೇವರೊಬ್ಬನಿಗೇ.

ಅಥಣಿಯ ಮಕ್ಕಳಿಗೆ ಈ ವಾದ ಹೊಸದೆನಿಸಲಾರದು. ಕಲ್ಲಿನ ಗುಡಿಯನ್ನು ಒಲ್ಲದೆ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದ ಶರಣರ ನಾಡಿದು. ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠ ಅವರ ಊರಿನಲ್ಲೇ ಇದೆ. ದೇವರಿಗೆ ರೂಪ ಬೇಕೇ, ಬೇಕಾದರೆ ಎಲ್ಲಿರಬೇಕು ಎಂದು ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಯೂ ಕೇಳಲಾಗಿತ್ತು. ಆದರೆ ಹೋಲಿಕೆಯನ್ನು ಎಳೆದು ಬಸವಣ್ಣನವರೇ ಲೂಥರ್ ಎಂದುಬಿಡುವ ಚಟ ಒಳ್ಳೆಯದಲ್ಲ. ಲೂಥರ್ ಮೂರ್ತಿಗಳನ್ನು ಒಡೆಯುವುದನ್ನು ವಿರೋಧಿಸಿದವರು; ಚರ್ಚುಗಳಿಂದ ಅವನ್ನು ತೆಗೆಸಿಹಾಕಿದವರು ಜ್ಯೂರಿಕ್ಕಿನ ಜ್ವಿಂಗ್ಲಿ ಮೊದಲಾದವರು.

ಬೈಬಲ್ ಅನುವಾದದ ಬಗ್ಗೆಯೂ ಜಗಳವಾಯಿತು. ಯಾವ ಸಿದ್ಧತೆಯೂ ಇಲ್ಲದೆ ಬೈಬಲ್ಲನ್ನು ಜನರ ಕೈಗೆ ಕೊಟ್ಟರೆ, ಅತಿಥಿಗಳಿಗಾಗಿ ಅಬ್ರಹಾಮ ಕರು ಕಡಿಸಿದ್ದನ್ನು, ಮನೆಗೆ ಮರಳಿದ ಮಗನಿಗಾಗಿ ತಂದೆ ಕೊಬ್ಬಿದ ಕರು ಕಡಿಸಿದ್ದನ್ನು ಓದಿ ಅವರು ಪುಸ್ತಕವನ್ನೇ ಬಿಸಾಡುತ್ತಾರೆ ಎಂದು ದುಬಾಯ್ ಎಚ್ಚರಿಸಿದರು. ಆಗ ನಡೆಯುತ್ತಿದ್ದ ಅನುವಾದಗಳ ಗುಣವನ್ನೂ ಹೀಗಳೆದರು. ಪ್ರೊಟೆಸ್ಟಂಟರು ಕೇಳಲಿಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕೆಲಸ ನಡೆಸಿದ್ದರು, 1830ರ ದಶಕದ ಆರಂಭದ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಬಳ್ಳಾರಿಯ ಅದೇ ಮಿಷನ್ನಿನಿಂದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲು ಆ ಮಿಷನ್ನಿನ ಪಾದ್ರಿಗಳ ಹೆಸರನ್ನು ಹೊತ್ತಿದೆ. ದುಬಾಯ್ ಹೇಳಿದಂತೆ ಜನ ದೊಡ್ಡ ಸಂಖ್ಯೆಯಲ್ಲಿ ಮತಕ್ಕೆ ಸೇರಲಿಲ್ಲ. ಪ್ರೊಟೆಸ್ಟಂಟರು ಹೇಳಿದಂತೆ ಪುಸ್ತಕವೂ ಅಕ್ಷರವೂ ಶಾಲೆಯೂ ಉಳಿದವು. ಯಾರು ಗೆದ್ದರೆಂದು ತರಗತಿಯಲ್ಲಿ ಚರ್ಚೆಗೆ ಬಿಡಬಹುದು.

ಅತ್ಯಂತ ತೀಕ್ಷ್ಣವಾದ ಭಿನ್ನಾಭಿಪ್ರಾಯ ಮೋಕ್ಷದ ಬಗ್ಗೆ. ಮಾನವನ ಪ್ರಯತ್ನದಿಂದ ಆಗದು ಎಂಬಲ್ಲಿಗೆ ದುಬಾಯ್ ನಿಲ್ಲಲಿಲ್ಲ. ಈ ದೇಶದವರಿಗೆ ಕೃಪೆಯ ಕಾಲ ಬಂದಿತ್ತು, ಅವರು ತಳ್ಳಿಹಾಕಿದರು, ಕಾಲ ಕಳೆದುಹೋಯಿತು, ದೇವರೇ ಅವರನ್ನು ಕೈಬಿಟ್ಟಂತಿದೆ ಎಂದರು. ಟೌನ್ಲಿ ಸಿಟ್ಟಿಗೆದ್ದದ್ದು ಇದಕ್ಕೆ. ಒಂದು ಜನಾಂಗಕ್ಕೆ ಬಾಗಿಲು ಮುಚ್ಚಿತೆಂದು ಹೇಳುವ ಅಧಿಕಾರ ಯಾವ ಮನುಷ್ಯನಿಗೆ ಇದೆ? ಇದರಲ್ಲೊಂದು ತಿರುವು ಇದೆ. ಮನುಷ್ಯ ಕೃಪೆಯೊಡನೆ ಸಹಕರಿಸಬೇಕು, ನಂಬಿಕೆಯೊಂದಿಗೆ ಸತ್ಕಾರ್ಯವೂ ಸಂಸ್ಕಾರಗಳೂ ಬೇಕು ಎಂಬುದು 1545ರಿಂದ 1563ರವರೆಗೆ ನಡೆದ ಟ್ರೆಂಟ್ ಸಭೆಯ ಕ್ಯಾಥೊಲಿಕ್ ನಿಲುವು. ನಂಬಿಕೆಯಿಂದ ಮಾತ್ರ ಮೋಕ್ಷ, ಸತ್ಕಾರ್ಯ ಅದರ ಫಲವೇ ಹೊರತು ಬೆಲೆಯಲ್ಲ ಎಂಬುದು ಪ್ರೊಟೆಸ್ಟಂಟ್ ನಿಲುವು. ಕೆಲವರನ್ನು ದೇವರು ಮೊದಲೇ ಕೈಬಿಟ್ಟಿದ್ದಾನೆ ಎಂಬ ಮಾತಿಗೆ ಹೆಸರಾದವರು ಪ್ರೊಟೆಸ್ಟಂಟ್ ಕ್ಯಾಲ್ವಿನ್. ಇಲ್ಲಿ ಕ್ಯಾಥೊಲಿಕ್ ಪಾದ್ರಿ ಸುಮಾರು ಆ ಮಾತಿಗೆ ಹತ್ತಿರ ಬಂದರು, ಪ್ರೊಟೆಸ್ಟಂಟ್ ಪಾದ್ರಿ ಎದುರಿಸಿದರು. ದಣಿದ ಮನುಷ್ಯನ ಸಿದ್ಧಾಂತವಿದು, ಅವರ ಚರ್ಚಿನದಲ್ಲ.

ಮೋಕ್ಷದ ಈ ಎರಡು ನಿಲುವುಗಳನ್ನು ವಿವರಿಸಲು ಶ್ರೀರಂಗಪಟ್ಟಣಕ್ಕೆ ಸಮೀಪದ ಶ್ರೀವೈಷ್ಣವರಲ್ಲೇ ಒಂದು ಉಪಮೆ ಸಿಗುತ್ತದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ವಡಗಲೆ, ತೆಂಗಲೆಯವರ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಇವು. ಪೂರ್ತಿ ಹೊಂದದಿದ್ದರೂ ಎಂಟು ನಿಮಿಷದಲ್ಲಿ ಪರಿಕಲ್ಪನೆ ಹಿಡಿಸಲು ಇದಕ್ಕಿಂತ ಒಳ್ಳೆಯ ಬೋಧನೋಪಕರಣ ನನಗೆ ಕಂಡಿಲ್ಲ. ಪಾಠ ಕಲಹದಲ್ಲೇ ಮುಗಿಯಬೇಕೆಂದಿಲ್ಲ. 1999ರ ಅಕ್ಟೋಬರ್ 31ರಂದು, ಅಂದರೆ ಲೂಥರ್ ವಾದಗಳನ್ನು ಹೊರಡಿಸಿದ ದಿನದಂದೇ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಇದೇ ವಿಷಯದ ಮೇಲೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಉಳಿದ ಭಿನ್ನಾಭಿಪ್ರಾಯಗಳು ಇದ್ದೇ ಇವೆ.

ಫ್ರಾನ್ಸಿಗೆ ಮರಳಿದ ದುಬಾಯ್ ಅವರಿಗೆ ಕಂಪನಿ ಪಿಂಚಣಿ ಕೊಟ್ಟಿತು. ಪ್ಯಾರಿಸ್ಸಿನಲ್ಲಿ ತಾವು ಹೊರಟ ಅದೇ ಮಿಷನ್ ಸಂಘದಲ್ಲಿ ನೆಲೆಸಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಮತಾಂತರ ಆಗದ ಕೆಲಸವೆಂದು ಬರೆದವರು ಮತಪ್ರಚಾರಕ್ಕೆ ತರುಣರನ್ನು ತರಬೇತು ಮಾಡಿ ಕಳುಹಿಸುವ ಸಂಸ್ಥೆಯನ್ನು ನಡೆಸಿದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ದಕ್ಷಿಣದ ಭಾಷೆಗಳ ಪಾಠಗಳಿಂದ ಮಾಡಿದ ಅನುವಾದವದು. ತೀರಿಕೊಂಡದ್ದು 1848ರ ಫೆಬ್ರುವರಿ 17ರಂದು, ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಸಿಡಿಯುವುದಕ್ಕೆ ಕೆಲವೇ ದಿನ ಮೊದಲು. ಅರ್ಧ ಶತಮಾನದ ನಂತರ ಬೋಷಾಂಪ್ ತಮ್ಮ ಅನುವಾದ ಸಿದ್ಧಪಡಿಸುವ ಕಾಲಕ್ಕೂ ಮೈಸೂರು ಕಡೆಯ ಹಳ್ಳಿಗಳಲ್ಲಿ ದೊಡ್ಡ ಸ್ವಾಮಿಯವರ ಹೆಸರು ಮರೆತುಹೋಗಿರಲಿಲ್ಲ.